ಕೊನೆಯ ಹತ್ತು ಮೀಟರ್: ಮುಳುಗಿದ್ದನ್ನು ಮೇಲೆತ್ತುವ ಗಾಳಿಚೀಲದ ವಿಜ್ಞಾನ



ಮೊದಲು ಒಂದು ಹಳೆಯ ಪ್ರಶ್ನೆ. ಬಾವಿಗೆ ಕೊಡ ಬಿದ್ದರೆ ನಮ್ಮ ಊರುಗಳಲ್ಲಿ ಏನು ಮಾಡ್ತಿದ್ರು? ಪಾತಾಳಗರಡಿ ತರ್ತಿದ್ರು. ಕಬ್ಬಿಣದ ಬಳೆಗೆ ಸುತ್ತಲೂ ಕೊಕ್ಕೆಗಳನ್ನು ಪೋಣಿಸಿದ ಸಾಧನ ಅದು. ಹಗ್ಗ ಕಟ್ಟಿ ಇಳಿಬಿಟ್ಟು ತಳದಲ್ಲಿ ಆಡಿಸಿದರೆ, ಯಾವುದೋ ಒಂದು ಕೊಕ್ಕೆಗೆ ಕೊಡದ ಕಂಠ ಸಿಕ್ಕಿಕೊಳ್ತಿತ್ತು. ಮೇಲಿನಿಂದ ಎಳೆದರೆ ಆಯ್ತು.

ಈಗ ಇದೇ ಪ್ರಶ್ನೆಯನ್ನು ಸ್ವಲ್ಪ ದೊಡ್ಡದು ಮಾಡೋಣ. ಬಿದ್ದದ್ದು ಕೊಡ ಅಲ್ಲ, 100 ಕೆಜಿ ತೂಕದ ಕಬ್ಬಿಣದ ಲಂಗರು. ಬಿದ್ದದ್ದು ಬಾವಿಗಲ್ಲ, 20 ಮೀಟರ್ ಆಳದ ಸಮುದ್ರಕ್ಕೆ. ಮೇಲಿರುವುದು ಒಂದು ಪುಟ್ಟ ದೋಣಿ, ಅದರಲ್ಲಿ ಕ್ರೇನ್ ಇಲ್ಲ. ಹೇಗೆ ಎತ್ತೋದು?

ಇದಕ್ಕೆ ಡೈವರ್‌ಗಳು ಬಳಸುವುದು ಲಿಫ್ಟ್ ಬ್ಯಾಗ್, ಅಂದರೆ ಎತ್ತುವ ಗಾಳಿಚೀಲ. ಗಟ್ಟಿ ಬಟ್ಟೆಯ ಚೀಲ, ಕೆಳಗೆ ಪಟ್ಟಿಗಳು, ಪಟ್ಟಿಗಳ ತುದಿಗೆ ಭಾರ ಕಟ್ಟೋದು, ಚೀಲಕ್ಕೆ ಗಾಳಿ ಬಿಡೋದು. ನೋಡೋಕೆ ಇಷ್ಟೇ. ಆದರೆ ಇದನ್ನು ಕಲಿಸುವವರು ಎತ್ತುವುದಕ್ಕಿಂತ ಹೆಚ್ಚು ಹೊತ್ತು ಮಾತಾಡುವುದು ತಡೆಯುವುದರ ಬಗ್ಗೆ. ಯಾಕೆ ಅನ್ನೋದೇ ಇವತ್ತಿನ ಪಾಠ.

ನೀರೊಳಗೆ ಲಂಗರಿನ ತೂಕ ಎಷ್ಟು?

ಶಾಲೆಯಲ್ಲಿ ಓದಿದ ಆರ್ಕಿಮಿಡೀಸ್ ತತ್ವ ನೆನಪಿದೆಯಾ? ಒಂದು ವಸ್ತು ಎಷ್ಟು ನೀರನ್ನು ಪಕ್ಕಕ್ಕೆ ಸರಿಸುತ್ತದೋ, ಅಷ್ಟು ನೀರಿನ ತೂಕದಷ್ಟೇ ಬಲ ಅದನ್ನು ಮೇಲಕ್ಕೆ ತಳ್ಳುತ್ತದೆ. 100 ಕೆಜಿ ಕಬ್ಬಿಣ ಸುಮಾರು 13 ಲೀಟರ್ ಜಾಗ ಹಿಡಿಯುತ್ತದೆ. ಸಮುದ್ರದ ಒಂದು ಲೀಟರ್ ನೀರು ಒಂದು ಕೆಜಿಗಿಂತ ಸ್ವಲ್ಪ ಹೆಚ್ಚು, 1.025 ಕೆಜಿ ತೂಗುತ್ತದೆ. ಹಾಗಾಗಿ ನೀರು ಸುಮಾರು 13 ಕೆಜಿಯಷ್ಟು ಭಾರವನ್ನು ತಾನೇ ಹೊತ್ತುಕೊಳ್ಳುತ್ತದೆ. ಉಳಿದದ್ದು 87 ಕೆಜಿ.

ಈ 87 ಕೆಜಿಯನ್ನು ತೇಲಿಸಲು ಇನ್ನೂ 85 ಲೀಟರ್ ನೀರನ್ನು ಸರಿಸಬೇಕು. ಚೀಲದೊಳಗೆ 85 ಲೀಟರ್ ಗಾಳಿ ತುಂಬಿದರೆ ಲೆಕ್ಕ ಸರಿಹೋಯ್ತು. ಕೆರೆ, ಸರೋವರದ ಸಿಹಿನೀರಾದರೆ ಲೀಟರಿಗೆ ಒಂದೇ ಕೆಜಿ, ಗಾಳಿ ಸ್ವಲ್ಪ ಹೆಚ್ಚು ಬೇಕು.

ಆ ಗಾಳಿ ಎಲ್ಲಿಂದ ಬರುತ್ತೆ? ನೀರಿನ ಮೇಲ್ಮೈಯಲ್ಲಿ ನಮ್ಮ ಮೇಲಿರುವ ಒತ್ತಡ ಹತ್ತಿರ ಹತ್ತಿರ 1 ಬಾರ್. ಸಮುದ್ರದಲ್ಲಿ ಪ್ರತಿ 10 ಮೀಟರ್ ಇಳಿದಾಗ ಇನ್ನೊಂದು ಬಾರ್ ಸೇರುತ್ತೆ. 20 ಮೀಟರ್‌ನಲ್ಲಿ 3 ಬಾರ್. ಅಲ್ಲಿ 85 ಲೀಟರ್ ಜಾಗ ತುಂಬಬೇಕಾದರೆ ಮೇಲ್ಮೈ ಲೆಕ್ಕದ 255 ಲೀಟರ್ ಗಾಳಿ ಬೇಕು. 200 ಬಾರ್ ಒತ್ತಡದಲ್ಲಿ ತುಂಬಿದ 12 ಲೀಟರ್‌ನ ಸಾಮಾನ್ಯ ಸ್ಕೂಬಾ ಸಿಲಿಂಡರ್‌ನಲ್ಲಿ ಸುಮಾರು 2,400 ಲೀಟರ್ ಇರುತ್ತೆ. ಅದರ ಹತ್ತರಲ್ಲೊಂದು ಭಾಗ ಈ ಒಂದು ಲಂಗರಿಗೇ ಖರ್ಚು. ಅದಕ್ಕೇ ಚೀಲ ತುಂಬಲು ಬೇರೆಯೇ ಸಿಲಿಂಡರ್ ಒಯ್ಯುವುದು ಒಳ್ಳೆಯ ಪದ್ಧತಿ. ಉಸಿರಾಡುವ ಗಾಳಿ ಉಸಿರಾಟಕ್ಕೇ ಇರಲಿ. ತಣ್ಣೀರಿನಲ್ಲಂತೂ ಒಂದೇ ಸಮ ಗಾಳಿ ಬಿಟ್ಟರೆ ರೆಗ್ಯುಲೇಟರ್ ಒಳಗೆ ಮಂಜುಗಟ್ಟಿ ಗಾಳಿ ನಿಲ್ಲದೆ ಸುರಿದುಹೋಗಬಹುದು.

ಸೋರೆಬುರುಡೆಗೂ ಚೀಲಕ್ಕೂ ಇರುವ ವ್ಯತ್ಯಾಸ

ಹಿಂದೆ ಮಕ್ಕಳು ಒಣಗಿದ ಸೋರೆಬುರುಡೆಯನ್ನು ಬೆನ್ನಿಗೆ ಕಟ್ಟಿಕೊಂಡು ಬಾವಿಯಲ್ಲಿ ಈಜು ಕಲೀತಿದ್ರು. ಬುರುಡೆ ಗಟ್ಟಿ. ಒಂದಡಿ ಕೆಳಗಿದ್ದರೂ ಐದಡಿ ಕೆಳಗಿದ್ದರೂ ಅದರ ಗಾತ್ರ ಅಷ್ಟೇ, ಅದು ಎತ್ತುವ ಬಲವೂ ಅಷ್ಟೇ. ಲಿಫ್ಟ್ ಬ್ಯಾಗ್ ಹಾಗಲ್ಲ. ಅದು ಮೆತ್ತನೆಯ ಬಟ್ಟೆ. ಒಳಗಿನ ಗಾಳಿ ಮೇಲೇರುತ್ತಾ ಹೋದಂತೆ ಹಿಗ್ಗುತ್ತದೆ.

ಇದು ಬಾಯ್ಲ್‌ನ ನಿಯಮ: ಒತ್ತಡ ಅರ್ಧವಾದರೆ ಗಾಳಿಯ ಗಾತ್ರ ಎರಡರಷ್ಟು. ಈಗ ನಮ್ಮ ಲಂಗರಿಗೆ 250 ಲೀಟರ್‌ನ ದೊಡ್ಡ ಚೀಲ ಕಟ್ಟಿ, 20 ಮೀಟರ್‌ನಲ್ಲಿ 85 ಲೀಟರ್ ಗಾಳಿ ಬಿಟ್ಟಿದ್ದೇವೆ ಅಂತ ಇಟ್ಟುಕೊಳ್ಳಿ. ಲಂಗರು ಮೆಲ್ಲಗೆ ತಳ ಬಿಡುತ್ತೆ. 10 ಮೀಟರ್ ತಲುಪುವಾಗ ಒತ್ತಡ 2 ಬಾರ್, ಗಾಳಿ 127 ಲೀಟರ್ ದಾಟಿದೆ. ಈಗ ಬೇಕಾದುದಕ್ಕಿಂತ ಸುಮಾರು 44 ಕೆಜಿ ಹೆಚ್ಚು ಬಲ ಮೇಲಕ್ಕೆ ಎಳೀತಿದೆ. 5 ಮೀಟರ್‌ನಲ್ಲಿ ಗಾಳಿ 170 ಲೀಟರ್, ಹೆಚ್ಚುವರಿ ಬಲ 87 ಕೆಜಿ. ಮೇಲ್ಮೈ ಹತ್ತಿರ ಬರುವಾಗ 255 ಲೀಟರ್, ಚೀಲವೇ ತುಂಬಿ ತುಳುಕುತ್ತದೆ.

ಒಂದು ವಿಷಯ ಗಮನಿಸಿದ್ರಾ? ಮೊದಲ ಹತ್ತು ಮೀಟರ್ ಏರುವಾಗ ಗಾಳಿ ಹಿಗ್ಗಿದ್ದು 42 ಲೀಟರ್. ಕೊನೆಯ ಹತ್ತು ಮೀಟರ್‌ನಲ್ಲಿ 128 ಲೀಟರ್, ಮೂರು ಪಟ್ಟು. ಏರಿದಷ್ಟೂ ಬಲ ಹೆಚ್ಚು, ಬಲ ಹೆಚ್ಚಿದಷ್ಟೂ ವೇಗ ಹೆಚ್ಚು. ಕೆಳಗೆ ಆಮೆಯ ಹಾಗೆ ಹೊರಟ ಚೀಲ ಮೇಲೆ ಬರುವಾಗ ಬಾಣದ ಹಾಗೆ ಬರುತ್ತೆ.

ಬಂದರೆ ಬರಲಿ, ಬೇಗ ಬಂದರೆ ಒಳ್ಳೇದೇ ಅಲ್ವಾ ಅಂತ ಅನ್ನಿಸಬಹುದು. ಆದರೆ ವೇಗವಾಗಿ ಬಂದ ಚೀಲ ಮೇಲ್ಮೈಯಲ್ಲಿ ನಿಲ್ಲೋದಿಲ್ಲ. ನೀರಿನಿಂದ ಹಾರಿ, ಪಕ್ಕಕ್ಕೆ ವಾಲಿ, ಕೆಳಗಿನ ಬಾಯಿಂದ ಗಾಳಿಯನ್ನೆಲ್ಲ ಚೆಲ್ಲಿಬಿಡಬಹುದು. ಆಗ 100 ಕೆಜಿ ಕಬ್ಬಿಣ ಬಂದ ದಾರಿಯಲ್ಲೇ ವಾಪಸ್. ಕೆಳಗೆ ಡೈವರ್ ಇದ್ದರೆ? ಅದಕ್ಕೇ ಮೊದಲ ನಿಯಮ: ಏರುತ್ತಿರುವ ಭಾರದ ಕೆಳಗೂ ಇರಬಾರದು, ಮೇಲೂ ಇರಬಾರದು. ಪಕ್ಕದಲ್ಲಿ, ದೂರದಲ್ಲಿ ಇರಬೇಕು.

ಏರುವುದನ್ನು ಹಿಡಿತದಲ್ಲಿಡುವ ನಾಲ್ಕು ಉಪಾಯ

ಒಂದು, ಚೀಲದ ಅಳತೆ. ಅದೇ ಲಂಗರಿಗೆ 250 ಲೀಟರ್ ಬದಲು 100 ಲೀಟರ್‌ನ ಚೀಲ ಕಟ್ಟಿದರೆ? ಬಾಯಿ ತೆರೆದ ಚೀಲದಲ್ಲಿ, ತುಂಬಿದ ಮೇಲೆ ಹಿಗ್ಗಿದ ಗಾಳಿ ಕೆಳಗಿನಿಂದ ಗುಳುಗುಳು ಎಂದು ಹೊರಗೆ ಹೋಗುತ್ತೆ. ಹೆಚ್ಚುವರಿ ಬಲ ಎಲ್ಲೇ ಆಗಲಿ 16 ಕೆಜಿ ದಾಟೋದಿಲ್ಲ. ದೊಡ್ಡ ಚೀಲ ಇದ್ದರೆ ಕ್ಷೇಮ ಅನ್ನೋದು ತಪ್ಪು ಎಣಿಕೆ. ಭಾರಕ್ಕಿಂತ ಸ್ವಲ್ಪವೇ ಹೆಚ್ಚು ಎತ್ತುವ ಚೀಲ ಕ್ಷೇಮ. ಬಾಯಿ ಮುಚ್ಚಿದ ಚೀಲಗಳೂ ಇವೆ. ಅವುಗಳಲ್ಲಿ ಒತ್ತಡ ಮಿತಿ ಮೀರಿದರೆ ತಾನಾಗಿ ತೆರೆಯುವ ವಾಲ್ವ್ ಇರಲೇಬೇಕು, ಇಲ್ಲದಿದ್ದರೆ ಚೀಲ ಒಡೆಯುತ್ತೆ.

ಎರಡು, ಗಾಳಿ ಬಿಡುವ ವಾಲ್ವ್. ಒಳ್ಳೆಯ ಚೀಲದ ನೆತ್ತಿಯಲ್ಲಿ ಒಂದು ವಾಲ್ವ್, ಅದಕ್ಕೊಂದು ದಾರ. ವೇಗ ಹೆಚ್ಚಿತು ಅನ್ನಿಸಿದರೆ ದಾರ ಎಳೆದು ಗಾಳಿ ಬಿಡಬೇಕು. ಹಾಗೆಯೇ ಚೀಲದ ನೆತ್ತಿಯಿಂದ ಭಾರಕ್ಕೆ ಇನ್ನೊಂದು ಹಗ್ಗ ಕಟ್ಟುತ್ತಾರೆ. ಪಟ್ಟಿಯೋ ಶ್ಯಾಕಲ್ಲೋ ಮುರಿದು ಭಾರ ಕಳಚಿಕೊಂಡರೆ, ಆ ಹಗ್ಗ ನೆತ್ತಿಯನ್ನು ಕೆಳಕ್ಕೆಳೆದು ಚೀಲವನ್ನು ತಲೆಕೆಳಗು ಮಾಡುತ್ತೆ. ಗಾಳಿ ಹೊರಗೆ ಹೋಗಿ, ಖಾಲಿ ಚೀಲ ರಾಕೆಟ್ ಆಗೋದು ತಪ್ಪುತ್ತೆ.

ಮೂರು, ಕೆಸರಿನ ಹಿಡಿತ. ತಳದ ಜೇಡಿಮಣ್ಣು ವಸ್ತುವನ್ನು ಹೀರಿ ಹಿಡಿದಿರುತ್ತೆ. ಗದ್ದೆಯ ಕೆಸರಿನಿಂದ ಕಾಲು ಕಿತ್ತವರಿಗೆ ಇದು ಗೊತ್ತು. 87 ಕೆಜಿ ಬಲಕ್ಕೆ ಲಂಗರು ಅಲುಗಾಡಲಿಲ್ಲ ಅಂತ ಗಾಳಿ ಬಿಡ್ತಾ ಬಿಡ್ತಾ 150 ಕೆಜಿಗೆ ಏರಿಸಿದರೆ, ಕೆಸರು ಬಿಟ್ಟ ಕ್ಷಣದಲ್ಲಿ 63 ಕೆಜಿ ಹೆಚ್ಚುವರಿ ಬಲ ಒಮ್ಮೆಲೇ ಕೈಗೆ ಬರುತ್ತೆ. ಇಲ್ಲಿ ಗಾಳಿ ಹೆಚ್ಚಿಸುವುದಲ್ಲ, ಕಾಲು ಕೀಳುವಾಗ ಮಾಡೋದನ್ನೇ ಮಾಡಬೇಕು: ಪಕ್ಕಕ್ಕೆ ಅಲ್ಲಾಡಿಸಿ, ಅಡಿಯ ಮಣ್ಣು ಬಿಡಿಸಿ, ನೀರು ಒಳಹೋಗಲು ದಾರಿ ಮಾಡಿ.

ನಾಲ್ಕು, ನಿಮ್ಮ ಮೈಯನ್ನೇ ಚೀಲ ಮಾಡಿಕೊಳ್ಳಬೇಡಿ. ಡೈವರ್ ತೊಡುವ ಜಾಕೆಟ್‌ಗೂ ಗಾಳಿ ತುಂಬಬಹುದು. ಭಾರವನ್ನು ಕೈಯಲ್ಲಿ ಹಿಡಿದು ಜಾಕೆಟ್ ಉಬ್ಬಿಸಿಕೊಂಡು ಏರೋಣ ಅನ್ನಿಸುತ್ತೆ. ಭಾರ ಕೈಜಾರಿದರೆ ಡೈವರೇ ಚಿಮ್ಮುತ್ತಾರೆ. ಶ್ವಾಸಕೋಶದ ಗಾಳಿಗೂ ಬಾಯ್ಲ್‌ನ ನಿಯಮವೇ ಅನ್ವಯ. ಉಸಿರು ಬಿಗಿಹಿಡಿದು ವೇಗವಾಗಿ ಏರಿದರೆ ಶ್ವಾಸಕೋಶ ಹರಿದು, ಗಾಳಿಗುಳ್ಳೆಗಳು ರಕ್ತಕ್ಕೆ ಸೇರಿ ಪ್ರಾಣ ಹೋಗಬಹುದು. ನಿಮಿಷಕ್ಕೆ 9 ಮೀಟರ್‌ಗಿಂತ ನಿಧಾನವಾಗಿ ಏರಿ ಅಂತ ಕಲಿಸೋದು ಸುಮ್ಮನೆ ಅಲ್ಲ. ಏಳೆಂಟು ಕೆಜಿ ದಾಟಿದ ಏನನ್ನೂ ಕೈಯಲ್ಲಿ ಹೊತ್ತು ತರಬಾರದು ಅನ್ನೋದು ಡೈವರ್‌ಗಳ ಸಾಮಾನ್ಯ ಲೆಕ್ಕ. ಏರುತ್ತಿರುವ ಚೀಲವನ್ನು ಹಿಡಿದು ನೇತಾಡುವುದೂ ಅಷ್ಟೇ ಅಪಾಯ. ಅದು ಓಡಲು ಶುರುಮಾಡಿದರೆ ಬಿಟ್ಟುಬಿಡಿ, ಲಂಗರು ಇನ್ನೊಂದು ಸಿಗುತ್ತೆ.

ಚೀಲವನ್ನು ಮೇಲೆಯೇ ಇಟ್ಟರೆ?

ಹಿಗ್ಗುವಿಕೆ ಎಲ್ಲಕ್ಕಿಂತ ಹೆಚ್ಚು ಕಾಡೋದು ಕೊನೆಯ ಹತ್ತು ಮೀಟರ್‌ನಲ್ಲಿ ತಾನೇ? ಹಾಗಾದರೆ ಚೀಲ ಆ ದೂರ ಓಡದ ಹಾಗೆ ಮಾಡಬಹುದು. ಉದ್ದನೆಯ ಹಗ್ಗ ಕಟ್ಟಿ, ಚೀಲವನ್ನು ಮೇಲ್ಮೈಗೆ ಕೆಲವೇ ಮೀಟರ್ ಕೆಳಗೆ ಇಟ್ಟು ತುಂಬುವುದು. ಅದು ಸ್ವಲ್ಪ ಏರಿ ಮೇಲ್ಮೈ ತಲುಪಿ ನಿಲ್ಲುತ್ತೆ, ಭಾರ ಕೆಳಗೆ ನೇತಾಡುತ್ತೆ. ಹಾಗೇ ಎಳೆದು ತೀರದ ಕಡೆಗೆ ಒಯ್ದು, ಆಳ ಕಡಿಮೆ ಇರುವಲ್ಲಿ ಇಳಿಸಿ, ಹಗ್ಗ ಗಿಡ್ಡ ಮಾಡಿ ಮತ್ತೆ ಎತ್ತುವುದು. ಹಂತ ಹಂತವಾಗಿ ಎತ್ತುವ ಕ್ರಮ ಇದು.

ಸ್ವೀಡನ್ನಿನ ವಾಸಾ ಯುದ್ಧನೌಕೆಯನ್ನು ಎತ್ತಿದ್ದು ಇದೇ ತರ್ಕದಿಂದ. 1628ರಲ್ಲಿ ಮೊದಲ ಯಾನದಲ್ಲೇ ಸ್ಟಾಕ್‌ಹೋಮ್ ಬಂದರಿನಲ್ಲಿ ಮುಳುಗಿದ ಹಡಗು ಅದು. ಡೈವರ್‌ಗಳು ಹಡಗಿನ ಅಡಿಯಲ್ಲಿ ಆರು ಸುರಂಗ ಕೊರೆದು ಉಕ್ಕಿನ ಕೇಬಲ್‌ಗಳನ್ನು ತೂರಿಸಿದರು. ಮೇಲೆ ಚೀಲದ ಬದಲು ಎರಡು ದೊಡ್ಡ ಉಕ್ಕಿನ ತೆಪ್ಪಗಳು. ಅವುಗಳಿಗೆ ನೀರು ತುಂಬಿಸಿ ತಗ್ಗಿಸಿ, ಕೇಬಲ್ ಬಿಗಿದು, ನೀರು ಹೊರಹಾಕಿದರೆ ತೆಪ್ಪ ಏರುತ್ತೆ, ಜೊತೆಗೆ ಹಡಗೂ ಏರುತ್ತೆ. 1959ರಲ್ಲಿ ಹೀಗೆ 18 ಸಲ ಎತ್ತಿ ಎತ್ತಿ 32 ಮೀಟರ್ ಆಳದಿಂದ 16 ಮೀಟರ್‌ಗೆ ತಂದರು. ನೀರಿನಿಂದ ಮೇಲೆ ಬಂದದ್ದು 1961ರ ಏಪ್ರಿಲ್ 24ರಂದು. ಅವಸರ ಮಾಡದ್ದರಿಂದ ಮರದ ಹಡಗು ಇಡಿಯಾಗಿ ಉಳಿಯಿತು.

ಗಾಳಿಯೇ ಬೇಡ ಅಂದರೆ?

ಆಳ ತೀರಾ ಹೆಚ್ಚಾದರೆ ಗಾಳಿ ಕೆಲಸಕ್ಕೇ ಬರೋದಿಲ್ಲ. ಟೈಟಾನಿಕ್ ಇರುವುದು ಸುಮಾರು 3,800 ಮೀಟರ್ ಕೆಳಗೆ. ಅಲ್ಲಿ ಒತ್ತಡ 380 ಬಾರ್ ಹತ್ತಿರ. ಗಾಳಿಯನ್ನು ಅಲ್ಲಿಗೆ ತಳ್ಳುವುದೇ ಕಷ್ಟ, ತಳ್ಳಿದರೂ ಮೇಲೆ ಬರುವಾಗ ಅದು ನೂರಾರು ಪಟ್ಟು ಹಿಗ್ಗುತ್ತದೆ. 1996ರಲ್ಲಿ ಆ ಹಡಗಿನ ಹೊರಮೈಯ ದೊಡ್ಡ ತುಂಡೊಂದನ್ನು ಎತ್ತಲು ಹೋದವರು ಚೀಲಗಳಿಗೆ ತುಂಬಿದ್ದು ಡೀಸೆಲ್. ಡೀಸೆಲ್ ನೀರಿಗಿಂತ ಹಗುರ, ಮತ್ತು ಒತ್ತಡಕ್ಕೆ ಕುಗ್ಗುವುದು ತೀರಾ ಕಡಿಮೆ. ಅಂದರೆ ಏರುವಾಗ ಹಿಗ್ಗುವುದೂ ಕಡಿಮೆ. ನಮ್ಮ ಸೋರೆಬುರುಡೆಯ ಹಾಗೆ! ಬೆಲೆ ಏನು ಅಂದರೆ, ಲೀಟರಿಗೆ ಸಿಗುವ ಬಲ 180 ಗ್ರಾಂ ಆಸುಪಾಸು ಮಾತ್ರ. 15 ಟನ್ ಕಬ್ಬಿಣಕ್ಕೆ ನಾವೇ ಲೆಕ್ಕ ಹಾಕಿದರೆ 70 ಸಾವಿರ ಲೀಟರ್ ಮೀರುತ್ತೆ.

ಆ ತುಂಡು ಮೇಲ್ಮೈಗೆ ಇನ್ನು ಸುಮಾರು 60 ಮೀಟರ್ ಇದೆ ಅನ್ನುವಷ್ಟು ಹತ್ತಿರ ಬಂತು. ಕೆಟ್ಟ ಹವೆಯಲ್ಲಿ ಹಗ್ಗಗಳು ತುಂಡಾಗಿ ಮತ್ತೆ ತಳಕ್ಕೆ ಹೋಯಿತು. ಎರಡು ವರ್ಷದ ನಂತರ, 1998ರ ಆಗಸ್ಟ್‌ನಲ್ಲಿ ಅದನ್ನು ಮೇಲೆ ತಂದರು. ಹಿಗ್ಗುವಿಕೆ ಗೆದ್ದರೂ ಅಲೆಗಳ ಜಗ್ಗಾಟ ಉಳಿದೇ ಇತ್ತು. ದಾರಿಯ ಕೊನೆಯ ಭಾಗ ಸುಲಭ ಅಂತ ಎಣಿಸಬಾರದು.

ಮೇಲೆ ಬಂದ ಮೇಲೆ

ಬಾವಿಯಿಂದ ನೀರು ಸೇದಿದವರಿಗೆ ಗೊತ್ತು: ಕೊಡ ನೀರೊಳಗಿರುವಾಗ ಹಗುರ, ನೀರು ಬಿಟ್ಟ ಕೂಡಲೇ ಕೈ ಜಗ್ಗುತ್ತೆ. ಇಲ್ಲಿಯೂ ಅದೇ. 200 ಲೀಟರ್‌ನ ಡ್ರಮ್ ನೀರೊಳಗೆ ತನ್ನ ತಗಡಿನಷ್ಟೇ ಭಾರ. ಹೊರಗೆ ಎಳೆದರೆ ಒಳಗಿನ ನೀರು ಸೇರಿ 200 ಕೆಜಿ ದಾಟುತ್ತೆ. ಚೀಲದ ಕೆಲಸ ಮೇಲ್ಮೈಯವರೆಗೆ ಮಾತ್ರ, ಮುಂದಿನದಕ್ಕೆ ಏನು ಮಾಡೋದು ಅಂತ ನೀರಿಗಿಳಿಯುವ ಮೊದಲೇ ತೀರ್ಮಾನ ಆಗಿರಬೇಕು.

ಇನ್ನೊಂದು ಮಾತು. ಕಂಡದ್ದನ್ನೆಲ್ಲ ಎತ್ತುವಂತಿಲ್ಲ. ಹಳೆಯ ಹಡಗುಗಳ ಅವಶೇಷಗಳಿಗೆ ಅನೇಕ ದೇಶಗಳಲ್ಲಿ ಕಾನೂನಿನ ರಕ್ಷಣೆ ಇದೆ. ನೀರಿನಡಿಯ ಪರಂಪರೆಯ ಬಗ್ಗೆ ಯುನೆಸ್ಕೋ 2001ರಲ್ಲಿ ಅಂಗೀಕರಿಸಿದ ಒಪ್ಪಂದ, ಇದ್ದಲ್ಲೇ ಉಳಿಸುವುದನ್ನೇ ಮೊದಲ ಆಯ್ಕೆಯಾಗಿ ನೋಡಿ ಅನ್ನುತ್ತೆ. ಉಪ್ಪುನೀರಲ್ಲಿ ಶತಮಾನ ಕಳೆದ ಕಬ್ಬಿಣ, ಮರ ಎರಡೂ ಗಾಳಿಗೆ ಬಂದರೆ ಬೇಗ ಹಾಳಾಗುತ್ತವೆ.

ಕೊನೆಗೆ ಮನೆಗೆಲಸ, ಮಕ್ಕಳ ಜೊತೆ ಮಾಡಿ. 30 ಮೀಟರ್ ಆಳದಲ್ಲಿ ದೊಡ್ಡ ಚೀಲಕ್ಕೆ 50 ಲೀಟರ್ ಗಾಳಿ ತುಂಬಿದೆ. 10 ಮೀಟರ್‌ಗೆ ಬಂದಾಗ ಎಷ್ಟಾಗುತ್ತೆ? ಮೇಲ್ಮೈಯಲ್ಲಿ ಎಷ್ಟು? ಉತ್ತರ: 100 ಲೀಟರ್, ಆಮೇಲೆ 200 ಲೀಟರ್. ಮೊದಲ 50 ಲೀಟರ್ ಹೆಚ್ಚಲು 20 ಮೀಟರ್ ಬೇಕಾಯ್ತು, ಮುಂದಿನ 100ಕ್ಕೆ ಹತ್ತೇ ಮೀಟರ್ ಸಾಕಾಯ್ತು. ಇದು ಮನಸ್ಸಲ್ಲಿ ಕೂತರೆ ಇವತ್ತಿನ ಪಾಠ ಆದ ಹಾಗೆ.

ಮತ್ತೆ ಹೇಳ್ತೀನಿ, ಇದು ವಿಜ್ಞಾನದ ಮಾತುಕತೆ, ತರಬೇತಿ ಅಲ್ಲ. ಚೀಲ ಹಿಡಿದು ನೀರಿಗಿಳಿಯುವ ಮೊದಲು ಬಲ್ಲ ಗುರುವಿನ ಹತ್ತಿರ ಕಲಿಯಿರಿ.