ಲೈಸೆನ್ಸಿಗೆ ಕಾಯಬೇಡ, ಸುಮಾ

ಪ್ರೀತಿಯ ಸುಮಾ,

ದಂತವೈದ್ಯದ ಡಿಡಿಎಸ್ ಪದವಿ ಮುಗಿಯಿತು, ಆದರೆ ಗಂಡನಿಗೆ ಯಾವ ರಾಜ್ಯದಲ್ಲಿ ಕೆಲಸ ಸಿಗುತ್ತದೋ ತಿಳಿಯದೆ ಲೈಸೆನ್ಸಿಗೆ ಅರ್ಜಿ ಹಾಕದೇ ಕೂತಿದ್ದೀಯಂತೆ. ಕಾಯಬೇಡ ಮಗಳೇ. ಓದಿದ ಓಹಾಯೋದಲ್ಲೇ ಈಗಲೇ ಹಾಕು.

ನಮ್ಮ ಕಾಲದಲ್ಲಾದರೆ ನಿನ್ನ ಅಂಜಿಕೆಗೆ ಅರ್ಥವಿತ್ತು. ಅಮೆರಿಕದಲ್ಲಿ ಲೈಸೆನ್ಸ್ ಕೊಡುವುದು ಆಯಾ ರಾಜ್ಯದ ಬೋರ್ಡು. ಗಡಿ ದಾಟಿದರೆ ಮತ್ತೆ ಅರ್ಜಿ, ಮತ್ತೆ ಫೀಸು, ಕೆಲವೊಮ್ಮೆ ಮತ್ತೆ ಪರೀಕ್ಷೆ. ಪರೀಕ್ಷೆಗೆ ರೋಗಿಯನ್ನೂ ನಾವೇ ಕರೆತರಬೇಕಿತ್ತು. ಎಕ್ಸ್‌ರೇಯಲ್ಲಿ ಹುಳುಕು ಡೆಂಟಿನ್ ಮುಟ್ಟಿರಬೇಕು, ತೀರ ಆಳಕ್ಕೆ ಇಳಿದಿರಬಾರದು. ಅಂಥ ಹಲ್ಲಿನವರನ್ನು ಹುಡುಕಿ, ಓಡಾಟದ ಖರ್ಚು ಕೊಟ್ಟು, ಬೆಳಿಗ್ಗೆ ಅವರು ಬಂದಾರೋ ಇಲ್ಲವೋ ಎಂದು ಬಾಗಿಲು ನೋಡುತ್ತಿದ್ದೆವು. ಬರದಿದ್ದರೆ ಪರೀಕ್ಷೆಯೂ ಹೋಯಿತು. ತಕ್ಷಣ ತುಂಬಬೇಕಾದ ಹಲ್ಲನ್ನು ಪರೀಕ್ಷೆಯ ದಿನದವರೆಗೆ ಹಾಗೇ ಬಿಡುತ್ತಿದ್ದವರೂ ಇದ್ದರು. ಅದನ್ನು ನೆನೆದರೆ ನನಗೆ ಇಂದಿಗೂ ಸಿಟ್ಟು ಬರುತ್ತದೆ. 2020ರ ಕೋವಿಡ್ ನಂತರ ಆ ಪರೀಕ್ಷೆ ಬಹುಪಾಲು ಬೊಂಬೆಯ ಬಾಯಿಯ ಪ್ಲಾಸ್ಟಿಕ್ ಹಲ್ಲಿಗೆ ಬಂತು, ಒಳ್ಳೆಯದೇ ಆಯಿತು.

ಈಗ ಡೆಂಟಿಸ್ಟರಿಗೂ ಹಲ್ಲು ಶುಚಿ ಮಾಡುವ ಹೈಜಿನಿಸ್ಟರಿಗೂ ಸೇರಿಸಿ ರಾಜ್ಯಗಳು ‘ಕಾಂಪ್ಯಾಕ್ಟ್’ ಎಂಬ ಒಪ್ಪಂದ ಮಾಡಿಕೊಂಡಿವೆ. ಗಂಡನಿಗೋ ಹೆಂಡತಿಗೋ ವರ್ಗವಾದಾಗಲೆಲ್ಲ ಊರು ಬದಲಿಸುವ ಸೈನಿಕ ಕುಟುಂಬಗಳ ಪಾಡು ನೋಡಿ ರಕ್ಷಣಾ ಇಲಾಖೆಯೇ ಇದಕ್ಕೆ ಹಣ ಕೊಟ್ಟಿತು. 2023ರಲ್ಲಿ ವಾಷಿಂಗ್ಟನ್, ಟೆನೆಸ್ಸೀ, ಅಯೋವಾ ಕಾನೂನು ಮಾಡಿದವು. 2024ರ ಏಪ್ರಿಲ್‌ನಲ್ಲಿ ಏಳು ರಾಜ್ಯಗಳಾಗಿ ಜಾರಿಗೆ ಬಂತು. ಆ ವರ್ಷವೇ ಓಹಾಯೋ ಕೂಡ ಸೇರಿತು. ಒಪ್ಪಂದದ ಪ್ರಕಾರ ಒಂದು ಸದಸ್ಯ ರಾಜ್ಯದಲ್ಲಿ ಕಳಂಕವಿಲ್ಲದ ಲೈಸೆನ್ಸ್ ಇದ್ದರೆ, ಮತ್ತೊಂದು ಸದಸ್ಯ ರಾಜ್ಯದಲ್ಲಿ ಕೆಲಸ ಮಾಡಲು ‘ಪ್ರಿವಿಲೇಜ್’ ಎಂಬ ಅನುಮತಿ ಕೇಳಬಹುದು. ಮೊದಲ ಲೈಸೆನ್ಸೇ ಇಲ್ಲದವರಿಗೆ ಇದರಿಂದ ಏನೂ ಸಿಗದು, ಅದಕ್ಕೇ ನಿನ್ನನ್ನು ಅವಸರಪಡಿಸುತ್ತಿರುವುದು. ನಿನ್ನ ಕೈಯಲ್ಲಿ ದಾವಣಗೆರೆಯ ಬಿಡಿಎಸ್ ಒಂದೇ ಇದ್ದಿದ್ದರೆ ಇಲ್ಲಿ ನಡೆಯುತ್ತಿರಲಿಲ್ಲ. ಇಲ್ಲಿನ ಮಾನ್ಯತೆ ಪಡೆದ ಕಾಲೇಜಿನಲ್ಲಿ ಮತ್ತೆ ಓದಿದ ಆ ಕಷ್ಟಕ್ಕೆ ಈಗ ಬೆಲೆ ಬಂದಿದೆ.

ಆದರೆ ರೋಗಿ ಕೂತ ಕುರ್ಚಿ ಯಾವ ರಾಜ್ಯದಲ್ಲಿದೆಯೋ ನಿನಗೆ ಅಲ್ಲಿನದೇ ಕಾನೂನು, ಇದನ್ನು ಮರೆಯಬೇಡ. ವಾಷಿಂಗ್ಟನ್‌ನಲ್ಲಿ ತರಬೇತಿ ಪಡೆದ ಹೈಜಿನಿಸ್ಟ್, ಡೆಂಟಿಸ್ಟ್ ಕೊರೆದ ಹಲ್ಲಿಗೆ ತಾನೇ ಫಿಲ್ಲಿಂಗ್ ತುಂಬಬಹುದು. ಎಷ್ಟೋ ರಾಜ್ಯಗಳಲ್ಲಿ ಅದೇ ಕೈಗೆ ಆ ಅನುಮತಿಯಿಲ್ಲ. ನಿನ್ನ ಕ್ಲಿನಿಕ್ಕಿನ ಹೈಜಿನಿಸ್ಟಿಗೆ ಏನು ಒಪ್ಪಿಸಬಹುದು ಎಂಬುದನ್ನು ಮೊದಲ ದಿನವೇ ಓದಿ ತಿಳಿದುಕೋ. ಅಲ್ಲಿನ ಕಾನೂನಿನ ಪರೀಕ್ಷೆ ಕೇಳಿದರೆ ಬರೆಯಲೇಬೇಕು. ಲೈಸೆನ್ಸಿನ ಮೇಲೆ ಶಿಸ್ತುಕ್ರಮವಾದರೆ ಬೇರೆ ರಾಜ್ಯಗಳ ಪ್ರಿವಿಲೇಜೂ ಜೊತೆಗೇ ಹೋಗುತ್ತದೆ, ಆದ್ದರಿಂದ ಕೇಸ್ ಶೀಟ್ ಬರೆಯುವುದರಲ್ಲಿ ಸೋಮಾರಿತನ ಬೇಡ.

ನ್ಯೂಯಾರ್ಕ್ ಕಡೆ ಹೋಗುವುದಾದರೆ ಲೆಕ್ಕವೇ ಬೇರೆ. ಅಲ್ಲಿ ಒಂದು ವರ್ಷದ ರೆಸಿಡೆನ್ಸಿ ಕೇಳುತ್ತಾರೆ. ಡೆಂಟಲ್ ಬೋರ್ಡುಗಳ ಸಂಘ ರೂಪಿಸಿದ ಇನ್ನೊಂದು ಕಾಂಪ್ಯಾಕ್ಟ್ ಕೂಡ ಇದೆ. ಹೆಸರು ನೋಡಿ ಎರಡನ್ನೂ ಒಂದೇ ಎಂದುಕೊಳ್ಳಬೇಡ. ಆಫರ್‌ಗೆ ಸಹಿ ಹಾಕುವ ಮೊದಲು ಕೆಲಸ ಸಿಕ್ಕ ರಾಜ್ಯದ ಬೋರ್ಡಿಗೆ ಬರೆದು, ಪ್ರಿವಿಲೇಜ್ ಕೊಡುತ್ತಿದ್ದಾರೆಯೇ ಎಂದು ಉತ್ತರ ತರಿಸಿಕೋ.

ಅರ್ಜಿ ಹಾಕಿದ ಕೂಡಲೇ ಫೋನ್ ಮಾಡು. ಫೀಸಿಗೆ ಕೈ ಬಿಗಿಯಾಗಿದ್ದರೆ ಸಂಕೋಚವಿಲ್ಲದೆ ಹೇಳು, ನಾನು ಕಳಿಸುತ್ತೇನೆ.

ನಿನ್ನ ದೊಡ್ಡಪ್ಪ