ಒಂದೇ ಉಪ್ಪು, ಎರಡು ಬಗೆಯ ಇಲಿಗಳು



“ನಮ್ಮ ತಂದೆಯವರು ಜೀವನವಿಡೀ ಉಪ್ಪಿನಕಾಯಿ ಉಂಡು ತೊಂಬತ್ತು ವರ್ಷ ಬಾಳಿದರು, ನಮಗೇಕೆ ಈ ಪಥ್ಯ?” ರಕ್ತದೊತ್ತಡವುಳ್ಳವರಿಗೆ ಉಪ್ಪು ಕಡಿಮೆ ಮಾಡಿರೆಂದು ಹೇಳಿದಾಗಲೆಲ್ಲ ನಾವು ಕೇಳುವ ಪ್ರಶ್ನೆಯಿದು. ಇದಕ್ಕೆ ಒಳ್ಳೆಯ ಉತ್ತರ ದೊರೆತದ್ದು ಮೂಕಪ್ರಾಣಿಗಳಿಂದ.

1934ರಲ್ಲಿ ಅಮೆರಿಕದ ಹ್ಯಾರಿ ಗೋಲ್ಡ್‌ಬ್ಲಾಟ್ ಎಂಬ ವೈದ್ಯರು ನಾಯಿಗಳ ಮೂತ್ರಪಿಂಡಕ್ಕೆ ರಕ್ತವನ್ನೊಯ್ಯುವ ಧಮನಿಯನ್ನು ಕಿರಿದುಗೊಳಿಸಿದರು. ಅವುಗಳ ರಕ್ತದೊತ್ತಡ ಏರಿತು. ಈ ವ್ಯಾಧಿಯಲ್ಲಿ ಮೂತ್ರಪಿಂಡದ ಪಾತ್ರವಿರುವುದು ಇದರಿಂದ ಸ್ಪಷ್ಟವಾಯಿತು. 1963ರಲ್ಲಿ ಜಪಾನಿನ ಕ್ಯೋಟೋದಲ್ಲಿ ಒಕಾಮೊಟೊ ಮತ್ತು ಆಓಕಿ ಎಂಬ ವಿಜ್ಞಾನಿಗಳು, ಬೆಳೆದಂತೆ ತಾನಾಗಿಯೇ ಒತ್ತಡವೇರುವ ಇಲಿಗಳ ತಳಿಯೊಂದನ್ನು ವರದಿ ಮಾಡಿದರು.

ನಮ್ಮ ಪ್ರಶ್ನೆಗೆ ಉತ್ತರವಿತ್ತವರು ಅದೇ ಕಾಲದ ಅಮೆರಿಕದ ಲೂಯಿಸ್ ಡಾಲ್. ಅವರು ಇಲಿಗಳಿಗೆ ಉಪ್ಪು ಹೆಚ್ಚಾದ ಆಹಾರವನ್ನಿತ್ತರು. ಒತ್ತಡ ಬಹಳ ಏರಿದವುಗಳನ್ನೂ ಏರದವುಗಳನ್ನೂ ಬೇರ್ಪಡಿಸಿ, ತಲೆಮಾರುಗಳವರೆಗೆ ಪ್ರತ್ಯೇಕವಾಗಿ ಸಂತಾನ ಬೆಳೆಸಿದರು. ಕೊನೆಗೆ ಎರಡು ತಳಿಗಳಾದವು. ಅದೇ ಉಪ್ಪನ್ನುಂಡ ಒಂದು ತಳಿಯಲ್ಲಿ ಒತ್ತಡ ತೀವ್ರವಾಗಿ ಏರಿದರೆ, ಇನ್ನೊಂದರಲ್ಲಿ ಹೆಚ್ಚೇನೂ ಏರಲಿಲ್ಲ. ಉಪ್ಪು ಒಂದೇ, ಅದನ್ನು ತಾಳುವ ದೇಹಪ್ರಕೃತಿ ಬೇರೆ.

ಇಲಿ ಮನುಷ್ಯನಲ್ಲವೆಂಬುದನ್ನೂ ಮರೆಯಬಾರದು. ನಮ್ಮಲ್ಲಿ ವಯಸ್ಸು, ದೇಹದ ತೂಕ, ಮದ್ಯಪಾನ ಮೊದಲಾದ ಹಲವು ಕಾರಣಗಳು ಕೂಡಿ ಈ ವ್ಯಾಧಿಯನ್ನುಂಟುಮಾಡುತ್ತವೆ. ಆದುದರಿಂದ ಪ್ರಾಣಿಗಳಲ್ಲಿ ಕಂಡದ್ದನ್ನು ಮನುಷ್ಯರಲ್ಲಿ ಪರೀಕ್ಷಿಸಿಯೇ ಒಪ್ಪಬೇಕು. ಉಪ್ಪಿನ ವಿಷಯದಲ್ಲಿ ಆ ಪರೀಕ್ಷೆಯೂ ನಡೆದಿದೆ: ಉಪ್ಪು ತಗ್ಗಿಸಿದರೆ ಒತ್ತಡ ತಗ್ಗುತ್ತದೆ, ಕೆಲವರಲ್ಲಿ ಹೆಚ್ಚು, ಕೆಲವರಲ್ಲಿ ಕಡಿಮೆ. ಲವಣವನ್ನು ಅತಿಯಾಗಿ ಸೇವಿಸಬಾರದೆಂದು ಚರಕಸಂಹಿತೆಯ ವಿಮಾನಸ್ಥಾನವೂ ಎಚ್ಚರಿಸಿದೆ.

ದಯೆಯನ್ನು ಧರ್ಮವೆಂದು ನಂಬಿದ ನಮಗೆ ಆ ಪ್ರಾಣಿಗಳ ನೋವು ಹಗುರವಾದುದಲ್ಲ. ಅನಗತ್ಯ ನೋವನ್ನು ತಡೆಯಲು ನಮ್ಮ ದೇಶದಲ್ಲಿ 1960ರ ಪ್ರಾಣಿಹಿಂಸೆ ತಡೆ ಕಾಯ್ದೆಯಿದೆ. ಆದರೂ ಅವು ತೆತ್ತ ಬೆಲೆಯಿಂದ ದೊರೆತ ಅರಿವನ್ನು ನಾವು ಕಡೆಗಣಿಸಿದರೆ ಆ ನೋವು ವ್ಯರ್ಥವಾದಂತೆಯೇ.

ನಾವು ಯಾವ ಬಗೆಯವರೆಂದು ತಂದೆಯವರ ಆಯುಷ್ಯದಿಂದ ತಿಳಿಯಲಾಗದು. ಆದುದರಿಂದ ವಯಸ್ಕರು ದಿನಕ್ಕೆ 5 ಗ್ರಾಮಿಗಿಂತ, ಅಂದರೆ ಸುಮಾರು ಒಂದು ಚಹಾ ಚಮಚಕ್ಕಿಂತ, ಕಡಿಮೆ ಉಪ್ಪು ಬಳಸಬೇಕೆಂಬ ವಿಶ್ವ ಆರೋಗ್ಯ ಸಂಸ್ಥೆಯ ಸಲಹೆಯನ್ನು ಪಾಲಿಸೋಣ. ಉಪ್ಪಿನಕಾಯಿ, ಹಪ್ಪಳ, ಚಟ್ನಿಪುಡಿಗಳ ಉಪ್ಪೂ ಈ ಲೆಕ್ಕದಲ್ಲಿಯೇ ಸೇರುತ್ತದೆ. ರಕ್ತದೊತ್ತಡವನ್ನು ಆಗಾಗ ಅಳೆಯಿಸಿಕೊಳ್ಳೋಣ. ಉಪ್ಪು ಬಿಟ್ಟೆವೆಂದು ವೈದ್ಯರನ್ನು ಕೇಳದೆ ಮಾತ್ರೆಯನ್ನು ಮಾತ್ರ ಬಿಡದಿರೋಣ.