ಭಾನುವಾರ ಬಾರದ ಹೊಟ್ಟೆನೋವು

ಪ್ರಶ್ನೆ: ನನ್ನ ಮಗಳಿಗೆ 13 ವರ್ಷ. ಏಳನೇ ತರಗತಿವರೆಗೆ ನಮ್ಮೂರ ಸರ್ಕಾರಿ ಶಾಲೆಯಲ್ಲೇ ಓದಿದಳು, ಓದಿನಲ್ಲಿ ಯಾವಾಗಲೂ ಮುಂದು. ಈ ವರ್ಷ ಎಂಟನೇ ತರಗತಿಗೆ ಹೋಬಳಿಯ ಹೈಸ್ಕೂಲಿಗೆ ಸೇರಿಸಿದ್ದೇವೆ. ಬಸ್ಸಿನಲ್ಲಿ ಹೋಗಿಬರಬೇಕು. ರಜೆ ಮುಗಿಯುತ್ತಾ ಬಂದಂತೆ ಮಂಕಾದಳು. ಮೊದಲ ವಾರ ಹೇಗೋ ಹೋದಳು. ಈಗ ಬೆಳಿಗ್ಗೆ ಎದ್ದರೆ ಹೊಟ್ಟೆನೋವು, ಒಂದೊಂದು ದಿನ ವಾಂತಿ. ಬಸ್ಸು ಹೋದ ಮೇಲೆ ನೋವು ಇಳಿಯುತ್ತದೆ, ಭಾನುವಾರ ಬರುವುದೇ ಇಲ್ಲ. ಡಾಕ್ಟರು ರಕ್ತಪರೀಕ್ಷೆ, ಸ್ಕ್ಯಾನಿಂಗ್ ಎಲ್ಲ ಮಾಡಿಸಿ ಏನೂ ತೊಂದರೆಯಿಲ್ಲ ಅಂದರು. ಅವರಪ್ಪ ‘ಎಲ್ಲಾ ನಾಟಕ’ ಎಂದು ರೇಗುತ್ತಾರೆ. ನಮ್ಮತ್ತೆ ದೃಷ್ಟಿಯಾಗಿದೆ ಅನ್ನುತ್ತಾರೆ. ಸ್ವಲ್ಪ ದಿನ ಮನೆಯಲ್ಲೇ ಇರಲಿ ಎಂದು ಬಿಡಲೇ? ಮೈಸೂರಿನ ನನ್ನ ತಮ್ಮನ ಮನೆಯಲ್ಲಿಟ್ಟು ಅಲ್ಲಿಯ ಶಾಲೆಗೆ ಸೇರಿಸಲೇ?
— ಒಬ್ಬ ತಾಯಿ, ತುಮಕೂರು ಜಿಲ್ಲೆ

ಉತ್ತರ: ತಾಯಿ, ಮೊದಲು ನಿಮ್ಮ ಯಜಮಾನರಿಗೆ ಒಂದು ಮಾತು ತಲುಪಿಸಿ. ಭಾನುವಾರ ಬಾರದ ನೋವು ಸುಳ್ಳು ನೋವಲ್ಲ. ಭಯವಾದಾಗ ದೇಹ ಅಡ್ರಿನಲಿನ್ ಸುರಿಸುತ್ತದೆ. ಹೊಟ್ಟೆಯ ಕಡೆಗಿದ್ದ ರಕ್ತ ಕೈಕಾಲಿನ ಸ್ನಾಯುಗಳತ್ತ ತಿರುಗುತ್ತದೆ, ಜೀರ್ಣದ ಕೆಲಸ ನಿಧಾನವಾಗುತ್ತದೆ, ಕರುಳು ಹಿಂಡುತ್ತದೆ, ಹೊಟ್ಟೆ ತೊಳಸುತ್ತದೆ. ಪರೀಕ್ಷೆಯ ದಿನ, ಸಂದರ್ಶನದ ದಿನ ದೊಡ್ಡವರೂ ಎರಡು ಸಲ ಬಚ್ಚಲಿಗೆ ಓಡುತ್ತಾರಲ್ಲ, ಅದೇ ಇದು. ನಿಮ್ಮ ಮಗಳಿಗೆ ದಿನಾ ಬೆಳಿಗ್ಗೆ ಆಗುತ್ತಿದೆ ಅಷ್ಟೇ. ಡಾಕ್ಟರಿಗೆ ತೋರಿಸಿದ್ದು ಒಳ್ಳೆಯದಾಯಿತು. ಜ್ವರ ಬಂದರೆ, ತೂಕ ಇಳಿದರೆ, ಮಲದಲ್ಲಿ ರಕ್ತ ಕಂಡರೆ, ನಡುರಾತ್ರಿ ನೋವಿಗೆ ಎಚ್ಚರವಾದರೆ ಮತ್ತೆ ತೋರಿಸಿ. ಇಲ್ಲದಿದ್ದರೆ ಇನ್ನೊಂದು ಸ್ಕ್ಯಾನಿಂಗ್ ಬೇಡ. ಪ್ರತಿ ಹೊಸ ಪರೀಕ್ಷೆಯೂ ‘ನನಗೇನೋ ಆಗಿದೆ’ ಎಂದು ಅವಳು ನಂಬುವಂತೆ ಮಾಡುತ್ತದೆ.

ಮನೆಯಲ್ಲೇ ಇರಲಿ ಎಂದು ಬಿಡಲೇ ಎಂದಿರಿ. ಬೇಡ. ಬಸ್ಸು ಹೋದ ಮೇಲೆ ನೋವು ಇಳಿಯುತ್ತದೆ ಎಂದು ನೀವೇ ಬರೆದಿದ್ದೀರಿ. ಆ ಹಾಯೆನಿಸುವ ಗಳಿಗೆ ಇದೆಯಲ್ಲ, ಭಯಕ್ಕೆ ಗೊಬ್ಬರ ಅದೇ. ಇವತ್ತು ತಪ್ಪಿಸಿಕೊಂಡದ್ದು ನಾಳೆಗೆ ಇನ್ನೂ ದೊಡ್ಡದಾಗಿ ಕಾಣುತ್ತದೆ. ಹಾಗೆಂದು ಕೈಹಿಡಿದು ದರದರ ಎಳೆದುಕೊಂಡು ಹೋಗಿ ಬಸ್ಸು ಹತ್ತಿಸುವುದೂ ಬೇಡ. ಹೋಗಲೇಬೇಕು ಎಂಬುದು ಗಟ್ಟಿಯಾಗಿರಲಿ, ಹೇಗೆ ಹೋಗಬೇಕು ಎಂಬುದನ್ನು ಸ್ವಲ್ಪ ಸಡಿಲ ಮಾಡೋಣ.

ಅದಕ್ಕೂ ಮೊದಲು ತಿಳಿಯಬೇಕಾದ್ದೊಂದಿದೆ. ಮಕ್ಕಳು ‘ಸ್ಕೂಲಿಗೆ ಹೋಗಲ್ಲ’ ಎನ್ನುತ್ತಾರೆ. ಹೆದರಿಕೆ ಇಡೀ ಸ್ಕೂಲಿನದಾಗಿರುವುದು ಅಪರೂಪ. ದಿನದ ಯಾವುದೋ ಒಂದು ಹೊತ್ತು, ಯಾವುದೋ ಒಂದು ಜಾಗ ಅವಳನ್ನು ಹಿಡಿದಿರುತ್ತದೆ. ‘ಯಾಕೆ ಹೋಗಲ್ಲ ಹೇಳು’ ಎಂದು ಎದುರು ಕೂರಿಸಿಕೊಂಡು ಕೇಳಿದರೆ ‘ಏನಿಲ್ಲ’ ಎಂಬ ಉತ್ತರವೇ ಬರುತ್ತದೆ. ಸಂಜೆ ತಲೆ ಬಾಚುವಾಗ, ಮುಖ ನೋಡದೆ, ದಿನವನ್ನು ಅವಳಿಂದಲೇ ಹೇಳಿಸಿ. ಬಸ್ಸಿನಲ್ಲಿ ಎಲ್ಲಿ ನಿಲ್ಲುತ್ತೀಯ? ಪ್ರಾರ್ಥನೆಯಲ್ಲಿ ಪಕ್ಕದಲ್ಲಿ ಯಾರಿರುತ್ತಾರೆ? ಮಧ್ಯಾಹ್ನ ಬಿಸಿಯೂಟಕ್ಕೆ ಯಾರ ಜೊತೆ ಕೂರುತ್ತೀಯ? ಮಾತು ಎಲ್ಲಿ ತಡವರಿಸುತ್ತದೋ, ಎಲ್ಲಿ ಥಟ್ಟನೆ ಬೇರೆ ವಿಷಯಕ್ಕೆ ಹಾರುತ್ತದೋ, ಗಂಟು ಅಲ್ಲಿದೆ.

ನನಗೆ ಮೊದಲು ಅನುಮಾನ ಬರುವುದು ಶೌಚಾಲಯದ ಮೇಲೆ. ಈ ವಯಸ್ಸಿನ ಎಷ್ಟೋ ಹೆಣ್ಣುಮಕ್ಕಳು ಬಾಗಿಲಿನ ಚಿಲಕ ಸರಿಯಿಲ್ಲವೆಂದೋ ನೀರಿಲ್ಲವೆಂದೋ ಬೆಳಿಗ್ಗೆಯಿಂದ ಸಂಜೆವರೆಗೆ ಒಂದು ಗುಟುಕು ನೀರು ಕುಡಿಯದೆ ಕಾಲ ತಳ್ಳುತ್ತಾರೆ. ಮುಟ್ಟು ಶುರುವಾಗಿದ್ದರಂತೂ ತಿಂಗಳಿನ ಆ ದಿನಗಳ ಚಿಂತೆ ಬೇರೆ. ಇದನ್ನು ಅವಳು ಅಪ್ಪನ ಮುಂದೆ ಹೇಳುವುದಿಲ್ಲ. ನೀವೇ ಕೇಳಬೇಕು. ಪ್ಯಾಡ್ ಇಟ್ಟುಕೊಳ್ಳಲು ಬ್ಯಾಗಿನಲ್ಲಿ ಒಂದು ಪುಟ್ಟ ಚೀಲ ಹೊಲಿದುಕೊಟ್ಟರೂ ಎಷ್ಟೋ ಭಾರ ಇಳಿಯುತ್ತದೆ.

ಎರಡನೆಯದು, ಅವಳ ಸ್ಥಾನ. ಊರಿನ ಶಾಲೆಯಲ್ಲಿ ಅವಳು ಇಂಥವರ ಮನೆ ಹುಡುಗಿ; ಮೇಷ್ಟ್ರು ವರ್ಷಗಳಿಂದ ಬಲ್ಲವರು. ಹೈಸ್ಕೂಲಿನಲ್ಲಿ ವಿಷಯಕ್ಕೊಬ್ಬರು ಶಿಕ್ಷಕರು, ಗಂಟೆ ಹೊಡೆದಾಗಲೆಲ್ಲ ಹೊಸ ಮುಖ, ಸುತ್ತಲಿನ ಹತ್ತೂರಿನ ಜಾಣರೆಲ್ಲ ಒಂದೇ ಕೊಠಡಿಯಲ್ಲಿ. ‘ಮೊದಲನೆಯವಳು’ ಎಂದು ಬೆನ್ನು ತಟ್ಟಿಸಿಕೊಂಡು ಬೆಳೆದ ಮಗುವಿಗೆ, ಎದ್ದು ನಿಂತು ತಪ್ಪು ಉತ್ತರ ಹೇಳಿಬಿಟ್ಟರೆ ಎಂಬ ಅಂಜಿಕೆ ಸಾಧಾರಣದ್ದಲ್ಲ. ನಾಲ್ಕು ಜನರ ಮುಂದೆ ‘ನಮ್ಮ ಹುಡುಗಿ ಯಾವಾಗಲೂ ಫಸ್ಟು’ ಎನ್ನುವುದನ್ನು ಸದ್ಯಕ್ಕೆ ನಿಲ್ಲಿಸಿ. ಒಂದು ಅನುಕೂಲವೂ ಇದೆ. ಶಾಲೆ ಶುರುವಾದ ಹೊಸದರಲ್ಲಿ ಸೇತುಬಂಧ ನಡೆಯುತ್ತದೆ, ಹಿಂದಿನ ತರಗತಿಗಳಲ್ಲಿ ಕಲಿತದ್ದನ್ನೇ ಮತ್ತೆ ನೆನಪಿಸುವ ಪಾಠ. ತಪ್ಪಿಹೋದ ದಿನಗಳಲ್ಲಿ ಹೊಸದೇನೂ ಹೆಚ್ಚು ದಾಟಿಹೋಗಿಲ್ಲ, ಏಳನೇ ತರಗತಿಯದು ಅವಳಿಗೆ ಬಾಯಿಪಾಠ. ಇದನ್ನು ಅವಳಿಗೆ ಹೇಳಿ.

ಮೂರನೆಯದು ಬಸ್ಸು. ನೂಕುನುಗ್ಗಲಿನ ಹೆದರಿಕೆಯಾದರೆ ನಿಮ್ಮೂರಿನ ಒಂಬತ್ತು, ಹತ್ತನೇ ತರಗತಿಯ ಒಬ್ಬಳು ಅಕ್ಕನನ್ನು ಜೊತೆಮಾಡಿ. ಯಾರಾದರೂ ಮೈಮುಟ್ಟುವುದು, ಚುಡಾಯಿಸುವುದು ನಡೆಯುತ್ತಿದ್ದರೆ ಮಾತು ಬೇರೆ. ಆಗ ಅವಳಿಗೆ ಧೈರ್ಯ ಹೇಳುತ್ತಾ ಕೂರಬೇಡಿ. ಮುಖ್ಯೋಪಾಧ್ಯಾಯರಿಗೆ ತಿಳಿಸಿ, 1098 ಮಕ್ಕಳ ಸಹಾಯವಾಣಿಗೆ ಕರೆಮಾಡಿ. ಅಲ್ಲಿ ಸರಿಹೋಗಬೇಕಾದದ್ದು ನಿಮ್ಮ ಮಗಳಲ್ಲ.

ಇನ್ನು ಮರಳಿ ಕಳುಹಿಸುವ ಬಗೆ. ಶನಿವಾರ ಬೆಳಗಿನ ಶಾಲೆ, ಅರ್ಧ ದಿನವಷ್ಟೇ. ಅವತ್ತಿನಿಂದ ಶುರುಮಾಡಿ. ಹಿಂದಿನ ದಿನ ನೀವೊಬ್ಬರೇ ಹೋಗಿ ತರಗತಿ ಶಿಕ್ಷಕರನ್ನು ಕಾಣಿ. ಸ್ಟಾಫ್ ರೂಮಿನಲ್ಲಿ ಎಲ್ಲರ ಮುಂದೆ ಬೇಡ, ಪಕ್ಕಕ್ಕೆ ಕರೆದು ಮಾತಾಡಿ. ಪರಿಚಯದ ಹುಡುಗಿಯ ಪಕ್ಕ ಕೂರಿಸಲಿ, ಒಂದು ವಾರ ಎಬ್ಬಿಸಿ ಪ್ರಶ್ನೆ ಕೇಳದಿರಲಿ, ಸಂಕಟವಾದರೆ ಐದು ನಿಮಿಷ ಹೊರಗೆ ಹೋಗಿ ಬರಲು ಬಿಡಲಿ. ಆದರೆ ಹೊಟ್ಟೆನೋವು ಅಂದ ತಕ್ಷಣ ಮನೆಗೆ ಕಳಿಸಬಾರದು. ಇದನ್ನು ಒತ್ತಿ ಹೇಳಿ. ಶನಿವಾರ ನೀವೂ ಬಸ್ಸಿನಲ್ಲಿ ಜೊತೆಗೆ ಹೋಗಿ, ಗೇಟಿನವರೆಗೆ ಮಾತ್ರ. ಸೋಮವಾರದಿಂದ ಆ ಅಕ್ಕನ ಜೊತೆ ಅವಳೇ ಹೋಗಲಿ, ಇಡೀ ದಿನ.

ಬೆಳಿಗ್ಗೆ ಮಾತು ಕಡಿಮೆ ಮಾಡಿ. ‘ಇವತ್ತು ಹೊಟ್ಟೆ ಹೇಗಿದೆ?’ ಎಂದು ನೀವು ಕೇಳಿದರೆ ಅವಳ ಗಮನವೆಲ್ಲ ಅಲ್ಲೇ ನಿಲ್ಲುತ್ತದೆ. ನೋವು ಎಂದರೆ, ‘ಗೊತ್ತು ಮಗಳೇ, ಹೋಗ್ತಾ ಹೋಗ್ತಾ ಕಮ್ಮಿಯಾಗುತ್ತೆ’ ಎಂದಷ್ಟೇ ಹೇಳಿ ಜಡೆ ಹಾಕಿ. ಹೊಟ್ಟೆ ತುಂಬ ತಿನ್ನು ಎಂಬ ಬಲವಂತ ಬೇಡ, ಒಂದು ಇಡ್ಲಿಯಾದರೂ ಸಾಕು. ಮೂಗಿನಿಂದ ಉಸಿರೆಳೆದು ಬಾಯಿಂದ ನಿಧಾನವಾಗಿ ಬಿಡುವುದನ್ನು ರಾತ್ರಿ ಅಭ್ಯಾಸ ಮಾಡಿಸಿ. ಬಸ್ಸಿನಲ್ಲಿ ಉಪಯೋಗಕ್ಕೆ ಬರುತ್ತದೆ. ಬೇಸಿಗೆ ರಜೆಯಲ್ಲಿ ತಡವಾಗಿ ಮಲಗುವ ರೂಢಿಯಾಗಿರುತ್ತದೆ. ಹದಿಹರೆಯದಲ್ಲಿ ನಿದ್ದೆ ಬರುವ ಹೊತ್ತೂ ತಾನಾಗಿ ಮುಂದೆ ಸರಿಯುತ್ತದೆ, ಆದರೂ 8ರಿಂದ 10 ಗಂಟೆ ನಿದ್ದೆ ಬೇಕೇಬೇಕು. ಬೇಗ ಮಲಗು ಎಂದು ಗದರಿದರೆ ನಿದ್ದೆ ಬಾರದು. ಏಳುವ ಹೊತ್ತನ್ನು ಭಾನುವಾರವೂ ಒಂದೇ ಇಡಿ. ಮೊಬೈಲು ರಾತ್ರಿ ನಿಮ್ಮ ಬಳಿ ಇರಲಿ.

ಅತ್ತೆಯವರು ದೃಷ್ಟಿ ತೆಗೆಯಲಿ, ನನ್ನ ಅಡ್ಡಿಯಿಲ್ಲ. ಅಜ್ಜಿಯ ಅಕ್ಕರೆ ಮಗುವಿಗೆ ಹಿತವೇ. ಭಾನುವಾರ ಸಂಜೆ ತೆಗೆಯಲಿ, ಸೋಮವಾರ ಬಸ್ಸಿನ ಹೊತ್ತಿಗಲ್ಲ. ಯಜಮಾನರು ‘ಓದು ಬಿಡಿಸ್ತೀನಿ’ ಎಂದು ಹೆದರಿಸುತ್ತಿದ್ದರೆ ಆ ಮಾತು ಮನೆಯಲ್ಲಿ ಮತ್ತೆ ಕೇಳಬಾರದು.

ಮೈಸೂರಿನ ಯೋಚನೆಯನ್ನು ಈಗ ಬಿಡಿ. ಒಂದು ಹೊಸ ಶಾಲೆಗೇ ಅಂಜಿದವಳಿಗೆ ಹೊಸ ಶಾಲೆಯ ಜೊತೆ ಹೊಸ ಊರು, ಹೊಸ ಮನೆ ಸೇರಿದರೆ ಹಗುರಾಗುವುದಿಲ್ಲ.

ಎರಡು ಮೂರು ವಾರ ಹೀಗೆ ಮಾಡಿಯೂ ಅವಳು ಹೋಗದಿದ್ದರೆ ತಾಲ್ಲೂಕು ಆಸ್ಪತ್ರೆಯಲ್ಲಿ ಹದಿಹರೆಯದವರಿಗಾಗಿಯೇ ಇರುವ ಸ್ನೇಹ ಕ್ಲಿನಿಕ್‌ಗೆ ಕರೆದುಕೊಂಡು ಹೋಗಿ. ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನ 14416 ಸಂಖ್ಯೆಗೆ ಹಗಲು ರಾತ್ರಿ ಯಾವಾಗ ಬೇಕಾದರೂ ಕರೆಮಾಡಬಹುದು. ಕನ್ನಡದಲ್ಲೇ ಮಾತಾಡುತ್ತಾರೆ, ದುಡ್ಡಿಲ್ಲ. ‘ಸಾಯಬೇಕು ಅನ್ನಿಸುತ್ತೆ’ ಎಂಬ ಮಾತು ಅವಳ ಬಾಯಿಂದ ಒಂದೇ ಸಲ ಬಂದರೂ ವಾರಗಟ್ಟಲೆ ಕಾಯಬೇಡಿ, ಅವತ್ತೇ ಆ ಸಂಖ್ಯೆಗೆ ಫೋನ್ ಮಾಡಿ, ಅವಳನ್ನು ಒಂಟಿಯಾಗಿ ಬಿಡಬೇಡಿ.

ಶುಕ್ರವಾರ ಶಿಕ್ಷಕರನ್ನು ಕಂಡು ಬನ್ನಿ. ಶನಿವಾರದ ಬಸ್ಸು ತಪ್ಪಿಸಬೇಡಿ.